ಉದ್ರಿ ಮನ್ನಾ ಮಾಡಿದ ಮಹಾರಾಜ

ಹೊಳೆಆಲೂರ ಸ್ಟೇಶನ್ನಿನ ಹತ್ತಿರದ ಒಂದು ಚಹಾದಂಗಡಿಯಲ್ಲಿ ಈಗ ಒಬ್ಬ ಮಹಾರಾಜ ಇದ್ದಾನೆ. ಮಲಪ್ರಭೆಯ ದಂಡೆಯಿಂದ ರೇಲ್ವೆ ಹಳಿಯವರೆಗೆ ಅವನ ಸಂಸ್ಥಾನ. ಕಿರೀಟವಿಲ್ಲ, ಹೆಗಲ ಮೇಲೊಂದು ಟವೆಲ್ಲಿದೆ. ಬಿ.ಎ. ಮುಗಿಸಿದ ಹುಡುಗ. ಒಂದು ಸುಗ್ಗಿ ಹತ್ತಿಯ ಜಿನ್ನಿನಲ್ಲಿ ಲೆಕ್ಕ ಬರೆದ. ಸುಗ್ಗಿ ಮುಗಿಯಿತು, ಕೆಲಸವೂ ಮುಗಿಯಿತು. ಮೊನ್ನೆ ನಾನು ಗದುಗಿನ ಗಾಡಿ ಕಾಯುತ್ತ ಕುಳಿತಿದ್ದಾಗ ಅವನ ಗೆಳೆಯರು, “ಮಾಸ್ತರ, ಎದ್ದ ನಿಂದರ್ರಿ, ದೊರಿಗಳು ಬಂದಾರ!” ಎಂದು ಕೂಗಿದರು. ಹುಡುಗ ನಗಲಿಲ್ಲ. ಆ ದಿನದ ಹುಕುಮನ್ನು ಗಂಭೀರವಾಗಿ ಓದಿದ: ಸಂಸ್ಥಾನದೊಳಗಿನ ಎಲ್ಲ ಉದ್ರಿ ಇಂದಿನಿಂದ ಮನ್ನಾ. ಅಂಗಡಿಕಾರ ಕೆಟಲಿ ಕೆಳಗಿಟ್ಟು, “ಮದಲ ತಮ್ಮ ಚಹಾದ ಉದ್ರಿ ತೀರಸ್ರಿ ಮಹಾರಾಜರ, ಮಂದೀದು ಆಮ್ಯಾಲೆ ನೋಡೂಣು” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಗಾಡಿಯಲ್ಲಿ ಕುಳಿತ ಮೇಲೆ ನಗೆ ಆರಿತು. ಇಂಥದೇ ಹುಕುಮು ಹೊರಡಿಸಿದ ಇನ್ನೊಬ್ಬ ಸುಳ್ಳು ದೊರೆ ನಮ್ಮ ಕನ್ನಡ ನಾಡಿನಲ್ಲಿ ಆಗಿಹೋಗಿದ್ದಾನೆ. ಅವನನ್ನು ಕಂಡು ಯಾರೂ ನಕ್ಕಿರಲಿಲ್ಲ.

ಅವನ ಹೆಸರು ಸಾದರಮಲ್ಲ. ಸಾಮಾನ್ಯ ರೈತನ ಮಗ. ಹರೆಯದಲ್ಲಿ ಒಂದು ಕಸುಬಿಗೆ ನಿಲ್ಲದೆ ಅಲೆದ, ಸೆರೆಮನೆಯನ್ನೂ ಕಂಡ. ಹಳೆಯ ಅರಮನೆಯನ್ನು ಬಲ್ಲ ಒಬ್ಬ ಜಂಗಮನ ಸೇವೆಗೆ ನಿಂತು ಕೆಳದಿ ಅರಸರ ಮನೆತನದ ಸಂಗತಿಗಳನ್ನೆಲ್ಲ ಕೇಳಿ ತಿಳಿದುಕೊಂಡ. ಅವರ ಮುದ್ರೆಗಳೂ ಕೈಸೇರಿದವು. ಅಂದಿನಿಂದ ಅವನು ಸಾದರಮಲ್ಲನಲ್ಲ, ನಗರದ ಗಾದಿಗೆ ಹಕ್ಕುದಾರನಾದ ಬೂದಿ ಬಸಪ್ಪ ನಾಯಕ!

ಆ ಗಾದಿಯಾದರೂ ಎಲ್ಲಿತ್ತು? 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗಲೇ ಅದು ಮುಗಿದಿತ್ತು. ಆ ದಂಡಯಾತ್ರೆಗೂ ಇಂಥ ಒಬ್ಬ ತರುಣನೇ ನೆವವಾಗಿದ್ದ. ಸತ್ತನೆಂದು ಜನ ತಿಳಿದಿದ್ದ ಚೆನ್ನಬಸಪ್ಪ ನಾಯಕ ನಾನೇ ಎಂದು ಬಂದವನನ್ನು ಹೈದರಾಲಿ ಮುಂದಿಟ್ಟುಕೊಂಡು ನಡೆದ. ಊರು ಕೈಸೇರಿದ ಮೇಲೆ ರಾಣಿ ವೀರಮ್ಮಾಜಿಯ ಜೊತೆಗೆ ಅವನನ್ನೂ ಮಧುಗಿರಿ ಕೋಟೆಯ ಸೆರೆಗೆ ಅಟ್ಟಿದ. ಬಳಸುವವರು ಬಳಸಿ ಬಿಸಾಡುವುದು ಹೀಗೆ.

ಆದರೆ ಬೂದಿ ಬಸಪ್ಪನನ್ನು ಮೊದಲು ದೊರೆ ಮಾಡಿದವರು ದಂಡಿನವರಲ್ಲ, ರೈತರು. ಮೈಸೂರು ಸೀಮೆಯಲ್ಲಿ ಆಗ ‘ಶರತ್ತು’ ಎಂಬ ಪದ್ಧತಿ ಇತ್ತು. ಇಷ್ಟು ಕಂದಾಯ ಎತ್ತಿಕೊಡುವೆನೆಂದು ಅಮಲ್ದಾರ ಮೊದಲೇ ಬರೆದುಕೊಡಬೇಕು. ಕಡಿಮೆ ಬಿದ್ದರೆ ತನ್ನ ಗಂಟಿನಿಂದ ತುಂಬಬೇಕು. ಅವನು ತನ್ನ ಗಂಟನ್ನೇಕೆ ಬಿಚ್ಚುತ್ತಾನೆ? ಗಿರಣಿಯ ಸೋದರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಳಿಗೆ ಇಷ್ಟು ಮಾಲು ತೆಗೆದೇ ತೀರಬೇಕೆಂದು ಮುಕಾದಮನನ್ನು ಕಟ್ಟಿಹಾಕಿದರೆ, ಅವನು ಅದನ್ನು ಯಾರ ಬೆನ್ನಿನಿಂದ ತೆಗೆಯುತ್ತಾನೆಂಬುದು ಅವರಿಗೆ ಗೊತ್ತು. ಇದರ ಮೇಲೆ, ಹಿಂದೆ ಬಿಟ್ಟುಕೊಟ್ಟಿದ್ದ ಬಾಕಿಯನ್ನೂ ನಗರದ ಹೊಸ ಅಧಿಕಾರಿಗಳು ಕೆದಕಿ ಕೇಳತೊಡಗಿದರು.

ಆಗ ಬೂದಿ ಬಸಪ್ಪನ ಮಾತು ಬಂತು: ನನ್ನನ್ನು ಅರಸನೆಂದು ಒಪ್ಪಿರಿ, ಬಾಕಿ ಪೂರಾ ಮನ್ನಾ; ಒಂದು ವರಹ ಕೊಡುತ್ತಿದ್ದಲ್ಲಿ ಇನ್ನು ಒಂದು ರೂಪಾಯಿ ಕೊಟ್ಟರೆ ಸಾಕು. ವರಹವೆಂದರೆ ಸುಮಾರು ಮೂರು ರೂಪಾಯಿ. ಹೊಟ್ಟೆಗಿಲ್ಲದವನು ಇಂಥ ದೊರೆಯ ವಂಶಾವಳಿಯನ್ನು ಕೇಳುತ್ತ ಕೂಡುತ್ತಾನೆಯೆ?

1830ರಲ್ಲಿ ನಗರ ಸೀಮೆಯ ರೈತರು ‘ಕೂಟ’ ಕೂಡಿದರು. ಊರಿಂದೂರಿಗೆ ಪತ್ರಗಳು ಓಡಿದವು. ಕಂದಾಯ ನಿಂತಿತು. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ತನ್ನ ಹಳೆಯ ಹಕ್ಕು ನೆನೆದು ಎದ್ದ. ಮೈಸೂರಿನ ದಂಡು ಸಾಲದೆ ಕಂಪನಿಯ ದಂಡು ಬಂತು. ಎಷ್ಟೋ ಜನ ಗಲ್ಲಿಗೇರಿದರು. 1831ರಲ್ಲಿ ನಗರ ಬಿತ್ತು. ಅದೇ ವರ್ಷ ಅಕ್ಟೋಬರದಲ್ಲಿ ಕಂಪನಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಭಾರವನ್ನೇ ಕಿತ್ತುಕೊಂಡಿತು. ಸುಳ್ಳು ದೊರೆಯನ್ನು ಅಡಗಿಸಹೋದ ನಿಜವಾದ ದೊರೆ ಬರಿ ಹೆಸರಿನ ದೊರೆಯಾದ! ಅದು ಒಡೆಯರ ಮನೆತನಕ್ಕೆ ತಿರುಗಿ ಬಂದದ್ದು 1881ರಲ್ಲಿ.

ಬೂದಿ ಬಸಪ್ಪ ಠಕ್ಕನೆಂದು ಆಂಗ್ಲರ ದಫ್ತರಗಳು ಹೇಳುತ್ತವೆ. ಇರಲಿ, ಠಕ್ಕನೇ. ಆದರೆ ಕೂಟ ಠಕ್ಕಾಗಿರಲಿಲ್ಲ. ಕಂದಾಯವನ್ನು ನಿಲ್ಲಿಸಿದ್ದು ಅವನ ಮುದ್ರೆಯಲ್ಲ, ಒಕ್ಕಟ್ಟಾದ ಊರುಗಳು. ನನ್ನ ಸಂಕಟ ಇಷ್ಟೇ: ಅಷ್ಟು ಶಕ್ತಿಯನ್ನು ತಾವೇ ಹುಟ್ಟಿಸಿದ ಜನ ಅದನ್ನು ಒಯ್ದು ಒಬ್ಬ ಅಲೆಮಾರಿಯ ಹೆಸರಿಗೆ ಬರೆದುಕೊಟ್ಟರು. ಅಲ್ಲಿಂದ ಮುಂದೆ ಬಾಕಿಯ ಮಾತು ಹಿಂದೆ ಬಿತ್ತು, ಗಾದಿಯ ಮಾತು ಮುಂದೆ ಬಂತು. ನಮ್ಮ ನೆರೆಯ ನರಗುಂದದಲ್ಲಿ 1980ರ ಜುಲೈ 21ರಂದು ನಡೆದುದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಅಲ್ಲಿಯೂ ಮೂಲದ ಜಗಳ ಬಾಕಿಯದೇ, ಮಲಪ್ರಭೆಯ ನೀರಿನ ಕರದ್ದು. ಅಲ್ಲಿಯೂ ಜೀವಗಳು ಹೋದವು. ಆದರೆ ಆ ರೈತರು ಯಾರನ್ನೂ ದೊರೆಯೆಂದು ಹೊತ್ತು ಮೆರೆಸಲಿಲ್ಲ.

ಚಹಾದಂಗಡಿಯ ಹುಡುಗನಿಗೆ ಹುಚ್ಚು ಹಿಡಿದಿದೆ ಎಂದು ಕೆಲವು ಹಿರಿಯರು ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಓದಿದ ಕೈಗೆ ಕೆಲಸವಿಲ್ಲ, ಯಾರೂ ಅವನನ್ನು ಏನೂ ಕೇಳುವುದಿಲ್ಲ. ಒಂದು ಹುಕುಮನ್ನಾದರೂ ಹೊರಡಿಸೋಣವೆಂದು ಕುಳಿತಿದ್ದಾನೆ. ಹುಕುಮಿನಲ್ಲಿ ತಪ್ಪೇನಿದೆ? ಅಂಗಡಿಕಾರನೂ ಸಗಟು ವ್ಯಾಪಾರಿಯ ಪುಸ್ತಕದಲ್ಲಿ ಉದ್ರಿಯವನೇ. ನನ್ನ ಅಂಜಿಕೆ ಬೇರೆ. ಚುನಾವಣೆ ಹತ್ತಿರ ಬಂದಾಗ ಯಾವನಾದರೂ ಧನಿ ಈ ಹುಡುಗನ ಚಹಾದ ಬಾಕಿ ತೀರಿಸಿ, ಕೈಗೊಂದು ಮುದ್ರೆ ಕೊಟ್ಟು, ಮೋಟಾರಿನಲ್ಲಿ ಮುಂದೆ ಕೂಡಿಸಿಕೊಂಡು ಹೊರಡುತ್ತಾನೆ.

ಮರುದಿನ ತಿರುಗಿ ಬಂದಾಗ ಹುಡುಗನನ್ನು ಬದಿಗೆ ಕರೆದೆ. “ರವಿವಾರ ಹಮಾಲರ ಸಭೆ ಐತಿ. ನಡೆದದ್ದನ್ನೆಲ್ಲ ಬರ್ಕೊಳ್ಳಾಕ ಒಬ್ಬರು ಬೇಕಾಗ್ಯಾರ. ಬರ್ತೀಯೇನಪಾ?” ಎಂದೆ. ಹುಡುಗ ಬಹಳ ಹೊತ್ತು ಹಳಿಯ ಕಡೆ ನೋಡಿ, “ಪಗಾರ ಎಷ್ಟ ಕೊಡ್ತೀರಿ ಸರ?” ಎಂದು ಕೇಳಿದ. ಪಗಾರ ಇಲ್ಲವೆಂದೆ. “ಹಂಗಾರ ಇಲ್ಲೂ ಅಷ್ಟ ಐತಲ್ರಿ,” ಎಂದು ನಕ್ಕ. ಹಿಂದಿನಿಂದ ಅಂಗಡಿಕಾರ, “ಹೋಗೋ ತಮ್ಮಾ, ಅವತ್ತಿಂದು ಚಹಾ ನಂದು” ಎಂದ.