ರೋಗಿ ಬೀಳದಂತೆ ತಡೆಯಲು ಗಣಕಯಂತ್ರ: ಯಾದಗಿರಿಗೆ ಎಂಥದ್ದು ಬೇಕು?

ಜ್ವರಕ್ಕೆಂದು ಆಸ್ಪತ್ರೆ ಸೇರಿದ ಹಿರಿಯರು ರಾತ್ರಿ ಶೌಚಾಲಯಕ್ಕೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ನಮಗೆ ಹೊಸ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ. ಆಸ್ಪತ್ರೆಯೊಳಗೆ ಬೀಳುವವರು ಅದರಲ್ಲಿ ಒಂದು ಪಾಲು.

ಇಲ್ಲಿ ಗಣಕಯಂತ್ರ ಏನು ಮಾಡೀತು? ಅಮೆರಿಕದ ಬಾಸ್ಟನ್ ಕಡೆಯ ನಾಲ್ಕು ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ರೋಗಿ ಹಿಂದೆ ಬಿದ್ದಿದ್ದರೇ, ಊರುಗೋಲು ಬೇಕೇ, ಡ್ರಿಪ್ ಹಾಕಿದೆಯೇ, ನಡಿಗೆ ಹೇಗಿದೆ ಎಂಬುದನ್ನು ದಾದಿ ತುಂಬುತ್ತಾರೆ. ಆ ರೋಗಿಗೆ ತಕ್ಕ ಎಚ್ಚರಿಕೆಗಳನ್ನು ಯಂತ್ರ ಚಿತ್ರಸಹಿತ ಅಚ್ಚು ಮಾಡಿಕೊಡುತ್ತದೆ. ಆ ಹಾಳೆಯನ್ನು ಹಾಸಿಗೆಯ ಬಳಿ ತೂಗುಹಾಕುತ್ತಾರೆ. ಸಾವಿರ ರೋಗಿ-ದಿನಗಳಿಗೆ ಬೀಳುವಿಕೆ ಬೇರೆ ವಾರ್ಡುಗಳಲ್ಲಿ 4.18 ಇದ್ದರೆ ಇಲ್ಲಿ 3.15 ಆಯಿತು. ಗಾಯಗಳು ಮಾತ್ರ ಆಗ ಸ್ಪಷ್ಟವಾಗಿ ಇಳಿಯಲಿಲ್ಲ. ಮುಂದೆ ರೋಗಿಯನ್ನೂ ಮನೆಯವರನ್ನೂ ಕೂರಿಸಿಕೊಂಡು ಯೋಜನೆ ಮಾಡಿದಾಗ ಗಾಯವಾಗುವ ಬೀಳುವಿಕೆಗಳು ಶೇ. 34ರಷ್ಟು ಇಳಿದವೆಂದು 2020ರ ವರದಿ ಹೇಳಿತು. ಹಾಸಿಗೆ ಬಿಟ್ಟರೆ ಕೂಗುವ ಅಲಾರಂ ದುಬಾರಿ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಬಳಕೆ ಹೆಚ್ಚಿಸಿದರೂ ಬೀಳುವುದು ಕಡಿಮೆಯಾಗಲಿಲ್ಲ.

ಯಾದಗಿರಿ, ಶಹಾಪುರ, ಸುರಪುರದ ಜನ ಕರಾವಳಿಗೆ ದೂರದವರಲ್ಲ. ಮಂಗಳೂರಿನ ಕಟ್ಟಡಗಳಲ್ಲಿ ದುಡಿಯುವವರಲ್ಲಿ ಅವರೂ ಇದ್ದಾರೆ. ಅವರ ತಂದೆತಾಯಿಯರು ಊರಿನಲ್ಲಿ ಉಳಿದಿರುತ್ತಾರೆ. 2009ರ ಡಿಸೆಂಬರ್ 30ರಂದು ಜಿಲ್ಲೆಯಾದ ಯಾದಗಿರಿಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 51.83, ರಾಜ್ಯದಲ್ಲೇ ಕನಿಷ್ಠ. ಆದ್ದರಿಂದ ಅಲ್ಲಿಗೆ ಚಿತ್ರದ ಹಾಳೆಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಓದು ಬಾರದ ಅಜ್ಜಿಗೂ ಅದು ತಿಳಿಯುತ್ತದೆ, ಕರೆಂಟು ಹೋದರೂ ಗೋಡೆಯ ಮೇಲೆ ಇರುತ್ತದೆ. ಅಲ್ಲಿ ಈಗ ವೈದ್ಯಕೀಯ ಕಾಲೇಜೂ ಇದೆ. ದಾದಿಯರಿಗೂ ವಿದ್ಯಾರ್ಥಿಗಳಿಗೂ ಇದನ್ನು ಕಲಿಸಲು ದೊಡ್ಡ ಖರ್ಚಿಲ್ಲ.

ಇನ್ನೊಂದು ಮಾತಿದೆ. ನಮ್ಮ ವಾರ್ಡುಗಳಲ್ಲಿ ರೋಗಿಯನ್ನು ಹಿಡಿದು ನಡೆಸುವವರು ಹೆಚ್ಚಾಗಿ ಮಗಳೋ ಸೊಸೆಯೋ. ಹಗಲು ಒಬ್ಬರು, ರಾತ್ರಿ ಮತ್ತೊಬ್ಬರು. ದಾದಿ ಬೆಳಿಗ್ಗೆ ಹೇಳಿದ್ದು ರಾತ್ರಿಯವರಿಗೆ ತಲುಪುವುದಿಲ್ಲ. ಅವರು ಊಟಕ್ಕೆ ಹೋದಾಗ, "ಸಿಸ್ಟರಿಗೆ ಯಾಕ ತ್ರಾಸ ಕೊಡೂದು" ಎಂದು ಅಜ್ಜಿ ತಾನೇ ಏಳುತ್ತಾರೆ. ಹಾಳೆಯಲ್ಲಿ ಮೊದಲ ಚಿತ್ರ ಇದಕ್ಕೇ ಇರಲಿ: ಕರೆಯದೆ ಏಳಬೇಡಿ. ಒದ್ದೆ ನೆಲ ಒರೆಸುವುದು, ಶೌಚಾಲಯದ ಗೋಡೆಗೆ ಹಿಡಿಕೆ ಹಾಕಿಸುವುದು ಯಂತ್ರದ ಕೆಲಸವಲ್ಲ. ಅದನ್ನು ಆಸ್ಪತ್ರೆಯ ಆಡಳಿತವೇ ಮಾಡಬೇಕು.