ಟೈಲ್ಸ್ ಸಂದಿಗೆ ಆಸಿಡ್ ಬೇಕೇ?

ಓದಿಗೆಂದೋ ಉದ್ಯೋಗಕ್ಕೆಂದೋ ಘಟ್ಟದ ಊರುಗಳನ್ನು ಬಿಟ್ಟ ಮಕ್ಕಳಲ್ಲಿ ಅನೇಕರು ಇಂದು ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ, ಕೆಂಗೇರಿಗಳ ಬಾಡಿಗೆ ಮನೆಗಳಲ್ಲಿದ್ದಾರೆ. ಮನೆ ಖಾಲಿ ಮಾಡುವ ದಿನ ಮಾಲೀಕರ ಕಣ್ಣು ಮೊದಲು ಗೋಡೆಯ ಬಣ್ಣದ ಮೇಲೆ, ಅನಂತರ ಬಚ್ಚಲಿನ ಟೈಲ್ಸ್ ಸಂದಿಗಳ ಕಪ್ಪಿನ ಮೇಲೆ ಬೀಳುತ್ತದೆ. ಮುಂಗಡ ಹಣದಲ್ಲಿ ಕಡಿತವಾದೀತೆಂಬ ಭಯಕ್ಕೆ ಒಂದು ಬಾಟಲಿ ಆಸಿಡ್ ಮನೆಗೆ ಬರುತ್ತದೆ. ಇದಕ್ಕಿಂತ ಅಗ್ಗದ ಉಪಾಯವಿಲ್ಲವೆಂಬ ನಂಬಿಕೆ ಬಲವಾಗಿ ಬೇರೂರಿದೆ. ಅದು ತಪ್ಪು ನಂಬಿಕೆ.

ಸಂದಿಯಲ್ಲಿ ತುಂಬುವ ಗ್ರೌಟ್ ಸಾಮಾನ್ಯವಾಗಿ ಸಿಮೆಂಟು, ನುಣುಪು ಮರಳು ಹಾಗೂ ಬಣ್ಣಗಳ ಮಿಶ್ರಣ. ಸಿಮೆಂಟಿನ ಜೀವಾಳವೇ ಸುಣ್ಣದ ಸಂಯುಕ್ತಗಳು. ಹೈಡ್ರೋಕ್ಲೋರಿಕ್ ಆಮ್ಲ ತಗುಲಿದೊಡನೆ ನೊರೆಯೇಳುತ್ತದೆ. ಸುಣ್ಣವು ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಕ್ಲೋರೈಡ್ ಆಗಿ ಹರಿದುಹೋಗುತ್ತದೆ. ಸಂದಿ ಬೆಳ್ಳಗಾಯಿತೆಂದು ಹಿಗ್ಗುವವರಿಗೆ ಗ್ರೌಟಿನ ಮೇಲ್ಪದರವೇ ಹೋದದ್ದು ತಿಳಿಯುವುದಿಲ್ಲ. ಉಳಿದ ಮೈ ಒರಟಾಗಿ, ರಂಧ್ರಮಯವಾಗಿ, ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತದೆ. ಪದೇ ಪದೇ ಹೀಗಾದರೆ ಸಂದಿ ಟೊಳ್ಳಾಗಿ, ನೀರು ಕೆಳಮನೆಯ ಚಾವಣಿಗೆ ಇಳಿಯುತ್ತದೆ. ಆಗಿನ ದುರಸ್ತಿಯ ಖರ್ಚನ್ನು ಯಾರೂ ಆಸಿಡ್ಡಿನ ಲೆಕ್ಕಕ್ಕೆ ಬರೆಯುವುದಿಲ್ಲ!

ಇನ್ನೂ ಘೋರವಾದದ್ದು ಆಸಿಡ್ಡಿನ ಜೊತೆಗೆ ಬ್ಲೀಚಿಂಗ್ ಪುಡಿಯನ್ನೂ ಸುರಿಯುವ ಅಭ್ಯಾಸ. ಎರಡೂ ಸೇರಿದರೆ ಹೊಮ್ಮುವುದು ಕ್ಲೋರಿನ್ ಅನಿಲ. 1915ರಲ್ಲಿ, ಮೊದಲನೆಯ ಮಹಾಯುದ್ಧದ ರಣರಂಗದಲ್ಲಿ ಅಸ್ತ್ರವಾಗಿ ಬಳಕೆಯಾದ ಅದೇ ಅನಿಲ. ಅಂಗೈ ಅಗಲದ ಕಿಟಕಿಯಿರುವ ಬಚ್ಚಲಿನಲ್ಲಿ ಅದನ್ನು ಉಸಿರಾಡುವವರು ಬಹುಪಾಲು ಮನೆಗೆಲಸದ ಹೆಂಗಸರು.

ಕಪ್ಪು ಬರುವುದಾದರೂ ಎಲ್ಲಿಂದ? ಕೊಳವೆಬಾವಿಯ ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಕರಗದ ಜಿಡ್ಡಾಗುತ್ತದೆ. ಆ ಜಿಡ್ಡಿನ ಮೇಲೆ ಬೂಷ್ಟು ಬೆಳೆಯುತ್ತದೆ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಕೊಳೆರೋಗದ ಜೀವಿ ಬೇರೆ, ಬಚ್ಚಲಿನ ಬೂಷ್ಟು ಬೇರೆ. ಆದರೆ ತೇವ ಆರದಿರುವೆಡೆಯಲ್ಲೇ ಎರಡರ ಸಂಭ್ರಮವೂ. ಆದ್ದರಿಂದ ಸ್ನಾನದ ನಂತರ ನೆಲ, ಗೋಡೆಗಳ ನೀರನ್ನು ವೈಪರಿನಿಂದ ಎಳೆದು ಕಿಟಕಿ ತೆರೆದಿಡುವುದೇ ಮೊದಲ ಚಿಕಿತ್ಸೆ. ಅದಕ್ಕೆ ಕಾಸೂ ಬೇಡ.

ಹಿಡಿದ ಕೊಳೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಸಂದಿಗೆ ಮೆತ್ತಬೇಕು. ಕಾಲು ಗಂಟೆಯ ನಂತರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಬಿಸಿನೀರಿನಲ್ಲಿ ತೊಳೆಯಬೇಕು. ಸೋಡಾಕ್ಕೆ ವಿನೆಗರ್ ಬೆರೆಸುವ ಜನಪ್ರಿಯ ಸಲಹೆ ಕೇವಲ ನೊರೆಯ ಪ್ರದರ್ಶನ. ಒಂದು ಕ್ಷಾರ, ಮತ್ತೊಂದು ಆಮ್ಲ, ಎರಡೂ ಪರಸ್ಪರ ಶಕ್ತಿಗುಂದುತ್ತವೆ. ಹಠಮಾರಿ ಕಪ್ಪಿಗೆ ಔಷಧಿ ಅಂಗಡಿಯ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಅದು ಒಡೆದು ನೀರು ಹಾಗೂ ಆಮ್ಲಜನಕವಾಗುತ್ತದೆ. ಇದನ್ನೂ ವಿನೆಗರಿನೊಡನೆ ಬೆರೆಸಕೂಡದು. ಉದುರಿದ ಸಂದಿಯನ್ನು ಕೆರೆದು, ಹೊಸ ಗ್ರೌಟ್ ಪುಡಿ ಕಲಸಿ ತುಂಬಿ, ಒಂದು ದಿನ ನೀರು ಸೋಕಿಸದಿದ್ದರಾಯಿತು. ನಿತ್ಯದ ತೊಳೆತಕ್ಕೆ ಊರಿನ ಅಂಟುವಾಳವೇ ಲೇಸು. ಅದರ ನೊರೆ ಸೋಪಿನಂತೆ ಗಡಸು ನೀರಿನಲ್ಲಿ ಜಿಡ್ಡುಗಟ್ಟುವುದಿಲ್ಲ.

ಈ ಬಡಾವಣೆಗಳ ಬಚ್ಚಲ ನೀರು ಸೇರುವುದು ವೃಷಭಾವತಿಯ ಕಣಿವೆಯನ್ನು. ಅಲ್ಲಿಂದ ಬೈರಮಂಗಲದ ಕೆರೆ, ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ನಗರಕ್ಕೆ ಏರಿಸಿ, ಕೆಡಿಸಿ, ಅದೇ ನದಿಗೆ ಮರಳಿಸುವ ವಿಚಿತ್ರ ವ್ಯವಸ್ಥೆಯಿದು. ವೃಷಭಾವತಿಯನ್ನು ಕೆಡಿಸಿದ್ದು ಬಚ್ಚಲಿನ ಬಾಟಲಿಯೆಂದರೆ ಸುಳ್ಳಾದೀತು. ಚರಂಡಿ ನೀರು, ಕಾರ್ಖಾನೆಗಳ ತ್ಯಾಜ್ಯಗಳ ಪಾಲೇ ದೊಡ್ಡದು. ಆದರೂ ತನ್ನ ಗ್ರೌಟನ್ನೇ ತಿನ್ನುವ ವಸ್ತುವನ್ನು ಕೊಂಡು ತಂದು ಕೆಳಗಿನ ರೈತನಿಗೆ ಕಳಿಸುವುದರಲ್ಲಿ ಯಾವ ಜಾಣತನವಿದೆ?

ರಾಜಾಜಿನಗರದ ಹಳೆಯ ಮನೆಗಳ ರೆಡ್‌ಆಕ್ಸೈಡ್ ನೆಲಕ್ಕೆ ಸಂದಿಯೇ ಇರಲಿಲ್ಲ. ಘಟ್ಟದ ಮನೆಗಳಲ್ಲೂ ಆ ನೆಲವನ್ನು ಒಡೆದು ಟೈಲ್ಸ್ ಹಾಕುವುದು ನಡೆದೇ ಇದೆ. ಟೈಲ್ಸಿನ ಹಿಂದೆಯೇ ಆಸಿಡ್ ಬಾಟಲಿಯೂ ಊರು ಸೇರಿದೆ. ಇಲ್ಲಿಯ ಬಚ್ಚಲ ನೀರು ಹೋಗುವುದು ಹಿತ್ತಿಲಿನ ಬಾಳೆಯ ಬುಡಕ್ಕೆ.