ಗುಂಯ್ ಎನ್ನುವ ಪೆಟ್ಟಿಗೆ

ಮಂಗಳೂರಿನ ಮೇ ತಿಂಗಳ ಸೆಕೆ ಗೊತ್ತಿದ್ದವರಿಗೆ ರಾತ್ರಿ ಕರೆಂಟು ಹೋದರೆ ಎಂತ ಅವಸ್ಥೆ ಅಂತ ಹೇಳಬೇಕಿಲ್ಲ. ಬಿಜೈಯ ನಮ್ಮ ಮನೆಗೆ ಅದಕ್ಕೇ ಇನ್ವರ್ಟರ್ ಹಾಕಿಸಿದೆವು. ಕರೆಂಟು ಹೋದದ್ದೇ ತಡ, ಮೂಲೆಯಲ್ಲಿ ಪೆಟ್ಟಿಗೆ 'ಗುಂಯ್', ತಲೆ ಮೇಲೆ ಫ್ಯಾನು 'ಗುರ್ರ್'. ಅಮ್ಮ ಎರಡು ರಾತ್ರಿ ನೋಡಿ, "ನಂಗೆ ಸೆಕೆಯೇ ಸಾಕು ಮಾರಾಯ, ಅದನ್ನು ಆಫ್ ಮಾಡು" ಅಂದರು.

ಅಂಗಡಿಯವರನ್ನು ಕೇಳಿದರೆ, "ಇನ್ವರ್ಟರ್ ಅಂದ ಮೇಲೆ ಸೌಂಡ್ ಬರ್ತದೆ ಸಾರ್, ಕಾಮನ್". ನಾವು ಫ್ಯಾನಿನ ಬೇರಿಂಗು, ಕೆಪಾಸಿಟರು ಎರಡನ್ನೂ ಬದಲಾಯಿಸಿದೆವು. ಕರೆಂಟು ಬಂದಾಗ ಅದೇ ಫ್ಯಾನು ಸುಮ್ಮನಿರುತ್ತದೆ ಅನ್ನುವುದು ಇಂಜಿನಿಯರಿಂಗ್ ಓದಿದ ಮಗನಿಗೂ ಹೊಳೆಯಲಿಲ್ಲ ನೋಡಿ :-)

'ಕಾಮನ್' ಅನ್ನುವುದು ಅರ್ಧ ಸತ್ಯ. ಟ್ರಾನ್ಸ್‌ಫಾರ್ಮರಿನೊಳಗಿನ ಉಕ್ಕಿನ ತಗಡುಗಳು ಕಾಂತವಾದಾಗ ಕೂದಲೆಳೆಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಕಾಂತದ ದಿಕ್ಕು ಯಾವುದಾದರೂ ಪರಿಣಾಮ ಒಂದೇ. ಹಾಗಾಗಿ ನಮ್ಮ ೫೦ ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ ೧೦೦ ಸಲ ನಡುಕ. ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದೂ ಇದಕ್ಕೇ. (ಅಮೆರಿಕದಲ್ಲಿ ೬೦ ಹರ್ಟ್ಸ್, ಅಲ್ಲಿಯ ಗೆಳೆಯರಿಗೆ ೧೨೦... ಶ್ರುತಿ ಸ್ವಲ್ಪ ಮೇಲೆ!)

ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಅಗ್ಗದ ಇನ್ವರ್ಟರು ೧೨ ವೋಲ್ಟ್ ಬ್ಯಾಟರಿಯ ಡಿಸಿಯನ್ನು ಪಟಪಟನೆ ಹಿಂದೆ ಮುಂದೆ ತಿರುಗಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ ಅಷ್ಟೆ. ಸಿಗುವುದು ನಯವಾದ ಅಲೆಯಲ್ಲ, ಚೌಕದ ಮೆಟ್ಟಿಲು, ಸ್ಕ್ವೇರ್ ವೇವ್. ಅದರಲ್ಲಿ ೫೦ರ ಜೊತೆ ೧೫೦, ೨೫೦, ೩೫೦ ಹರ್ಟ್ಸ್ ಕೂಡ ಕೂತಿರುತ್ತವೆ. ಫ್ಯಾನು ತಿರುಗಲು ಇವು ಉಪಯೋಗಕ್ಕಿಲ್ಲ. ಮೋಟಾರನ್ನು ಬಿಸಿ ಮಾಡುತ್ತವೆ, ನಡುಗಿಸುತ್ತವೆ. ಮೇಲಿನ ಕಂಪನಗಳಿಗೆ ನಮ್ಮ ಕಿವಿಯೂ ಹೆಚ್ಚು ಚುರುಕು. ಸೈನ್ ವೇವ್ ಇನ್ವರ್ಟರು ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಮಾಡಿ, ಸೋಸಿ, ಮೇನ್ಸ್‌ನಂಥದ್ದೇ ಅಲೆ ಕೊಡುತ್ತದೆ. ಆ ಸ್ವಿಚಿಂಗು ೨೦ ಕಿಲೋಹರ್ಟ್ಸ್ ದಾಟಿದರೆ ಮನುಷ್ಯರಿಗೆ ಕೇಳಿಸುವುದಿಲ್ಲ. ಬೆಕ್ಕಿನ ಕಷ್ಟ ಬೇರೆ.

ಸ್ಕ್ವೇರ್ ವೇವ್ ಮಾರಬಾರದು ಅಂತ ನಾನು ಹೇಳುತ್ತಿಲ್ಲ. ಬಲ್ಬು ಉರಿಸಲು ಅದು ಧಾರಾಳ ಸಾಕು, ದುಡ್ಡೂ ಕಮ್ಮಿ. ಆದರೆ ವಿ.ಎ. ಎಷ್ಟು, ಬ್ಯಾಟರಿ ಎಷ್ಟು, ವಾರಂಟಿ ಎಷ್ಟು ಅಂತೆಲ್ಲ ಒದರುವವರು ಅಲೆ ಯಾವುದು ಅನ್ನುವುದನ್ನು ಮಾತ್ರ ಯಾಕೆ ನುಂಗುತ್ತಾರೆ? ಅದು ಗೊತ್ತಿಲ್ಲದೆ ಎಷ್ಟು ಮನೆಯವರು ಒಳ್ಳೆಯ ಫ್ಯಾನು ಬಿಚ್ಚಿಸಿದ್ದಾರೋ! ಕೊಳ್ಳುವ ಮೊದಲು ಅಂಗಡಿಯಲ್ಲೇ ಮೇನ್ಸ್ ಆಫ್ ಮಾಡಿಸಿ, ಒಂದು ಟೇಬಲ್ ಫ್ಯಾನು ಓಡಿಸಿ ಕೇಳಿ. ಆಗುವುದಿಲ್ಲ ಅಂದರೆ ಪಕ್ಕದಲ್ಲಿ ಇನ್ನೊಂದು ಅಂಗಡಿ ಉಂಟಲ್ಲ.

ನಾವು ಕೊನೆಗೆ ಸೈನ್ ವೇವ್ ತಂದೆವು. ಪೆಟ್ಟಿಗೆ ಈಗಲೂ ಸಣ್ಣಗೆ ಗುಂಯ್ ಅನ್ನುತ್ತದೆ, ಆ ನೂರು ಹರ್ಟ್ಸಿನದು. ಅಮ್ಮ ಫ್ಯಾನು ಹಾಕಿಯೇ ಮಲಗುತ್ತಾರೆ.